ಅಂಚಿನಲ್ಲಿ ಬಿಟ್ಟ ಜಾಗ

ಅಕ್ಕ ತೀರಿಕೊಂಡ ಎಂಟು ತಿಂಗಳಿಗೆ ನನ್ನ ಎಡಗಣ್ಣಿಗೆ ಪೊರೆ ಬಂತು. ಉಪ್ಪಲ್ ಕಡೆಯ ಒಂದು ಕಣ್ಣಿನ ಆಸ್ಪತ್ರೆಗೆ ಹೋದೆ. ಫಾರಂ ತುಂಬಿಸಿಕೊಂಡು, ಹೆಸರು ಕರೆಯುವವರೆಗೆ ಕೂತಿರಿ ಎಂದು ಒಂದು ದೊಡ್ಡ ಕೋಣೆ ತೋರಿಸಿದರು. ಕಿಟಕಿ ಪಕ್ಕದ ಕುರ್ಚಿ ಖಾಲಿ ಇತ್ತು. ಕೂತು ಸ್ವಲ್ಪ ಹೊತ್ತಿನ ಮೇಲೆ ಕಿಟಕಿಯ ಪರದೆ ನೋಡಿದೆ. ಒಗೆದು ಒಗೆದು ಬಣ್ಣ ಹೋದ ಬಟ್ಟೆ, ಅದರ ಮೇಲೆ ಸಣ್ಣ ಹಳದಿ ಹೂಗಳು. ಮೊದಲು ಯಾವುದೋ ಹೂ ಅಂದುಕೊಂಡೆ. ಆಮೇಲೆ ಪ್ರತಿ ಮೂರನೆಯ ಹೂವಿನ ಕೆಳಗೆ ಒಂದು ಕಾಯಿ ಬಲಕ್ಕೆ ವಾಲಿರುವುದು ಕಂಡಿತು. ತೊಗರಿ ಕಾಯಿ. ಅದನ್ನು ಬರೆದವಳು ನಮ್ಮ ಅಕ್ಕ. ಅಚ್ಚು ಹಾಕಲು ಅದರ ಗೀಟನ್ನು ಫಿಲ್ಮಿನ ಮೇಲೆ ತೆಗೆದವನು ನಾನು.

ಎದ್ದು ಪರದೆಯ ಅಂಚು ಹಿಡಿದೆ. ಅಲ್ಲಿ ಏನು ಕಂಡಿತು ಎನ್ನುವುದಕ್ಕೆ ಮೊದಲು ಅಕ್ಕ ಎಂಥವಳು ಎಂದು ಹೇಳಬೇಕು.

ಇಲ್ಲಿನ ನಮ್ಮ ಕನ್ನಡ ಸಂಘದ ಸಂಚಿಕೆಗೆ ಅಕ್ಕನ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದವರು ಹೆಸರು, ಹುಟ್ಟಿದ ಊರು, ಒಂದು ಫೋಟೋ ಕೇಳಿದ್ದರು. ಫೋಟೋ ಕೊಟ್ಟಿಲ್ಲ, ಹೆಸರನ್ನೂ ಕೊಟ್ಟಿಲ್ಲ. ಇರಬೇಕಾದ ಕಡೆ ಅದು ಇಲ್ಲ, ಇಲ್ಲಿ ಹಾಕಿದರೆ ನನ್ನ ಸಮಾಧಾನಕ್ಕೆ ಹಾಕಿದಂತೆ ಆಗುತ್ತದೆ. ನಾನು ಏಳನೆಯ ಇಯತ್ತೆ ದಾಟಿ ಎಂಟರಲ್ಲಿ ಎರಡು ಸಲ ಬಿದ್ದವನು. ಕಾಗುಣಿತ ತಿದ್ದಿಕೊಳ್ಳಿ, ಸಂಗತಿ ತಿದ್ದಬೇಡಿ ಎಂದು ಅವರಿಗೆ ಹೇಳಿದ್ದೇನೆ.

ನಮ್ಮ ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಯಾದಗಿರಿ ಕಡೆಯ ಹಳ್ಳಿಯಿಂದ ಸಿಕಂದ್ರಾಬಾದಿಗೆ ಬಂದು ಮಲ್ಕಾಜ್‌ಗಿರಿಯ ಕ್ವಾರ್ಟರ್ಸಿನಲ್ಲಿ ಸಂಸಾರ ಹೂಡಿದವರು. ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಓದಿನಲ್ಲಿ ಚುರುಕು, ಚಿತ್ರದಲ್ಲಿ ಇನ್ನೂ ಚುರುಕು. ಚಿತ್ರಕಲೆಯ ಡಿಪ್ಲೊಮಾ ಮಾಡಿದಳು. ನಾನು ಶಾಲೆ ಬಿಟ್ಟು ಮದುವೆ ಕಾರ್ಡು ಅಚ್ಚು ಹಾಕುವ ಒಂದು ಅಂಗಡಿ ಸೇರಿದೆ. ಅಲ್ಲಿ ಫಿಲ್ಮು ತೆಗೆಯುವ ಕೆಲಸ ಕಲಿತೆ. ಚಿತ್ರದ ಮೇಲೆ ಗಾಜಿನಂಥ ಹಾಳೆ ಇಟ್ಟು, ಒಂದೊಂದು ಬಣ್ಣವನ್ನು ಒಂದೊಂದು ಹಾಳೆಯ ಮೇಲೆ ಕರಿ ಮಸಿಯಿಂದ ಎತ್ತಿಕೊಳ್ಳುವುದು. ಐದು ಬಣ್ಣವಿದ್ದರೆ ಐದು ಹಾಳೆ. ಕೈ ನಡುಗಬಾರದು. ನನ್ನ ಕೈ ನಡುಗುತ್ತಿರಲಿಲ್ಲ.

ಅಕ್ಕ ಬಟ್ಟೆಯ ಮೇಲಿನ ನಮೂನೆ ಬರೆಯುತ್ತಿದ್ದಳು. ಪರದೆ, ಬೆಡ್‌ಶೀಟು, ಕುರ್ತಾ ಬಟ್ಟೆ, ಒಮ್ಮೊಮ್ಮೆ ಗೋಡೆಗೆ ಅಂಟಿಸುವ ಕಾಗದ, ಒಂದು ಸಲ ಬಿಸ್ಕತ್ತಿನ ಡಬ್ಬಿ. ಯಾರ ಕೈಕೆಳಗೂ ಇರಲಿಲ್ಲ. ಬಂದವರಿಗೆ ಬರೆದುಕೊಡುವುದು, ಬರದಿದ್ದಾಗ ತಾನೇ ಚೀಲ ಹಿಡಿದು ಅಂಗಡಿ ಅಂಗಡಿ ತಿರುಗುವುದು. ಆಗ ಊರಿಗೆ ಊರೇ ಕಂಪ್ಯೂಟರ್ ಅನ್ನುತ್ತಿತ್ತು. ಮಾದಾಪುರ ಕಡೆ ಬಂಡೆ ಒಡೆದು ಗಾಜಿನ ಕಟ್ಟಡ ಎಬ್ಬಿಸುತ್ತಿದ್ದರು. ನಮ್ಮ ಲೈನಿನ ಪ್ರತಿ ಮನೆಯಿಂದ ಒಬ್ಬರಾದರೂ ಅಮೀರ್‌ಪೇಟ್‌ಗೆ ಕೋರ್ಸಿಗೆ ಹೋಗುತ್ತಿದ್ದರು. ಅವ್ವನಿಗೆ ಬಂದವರಿಗೆಲ್ಲ ಉತ್ತರ ಹೇಳಿ ಸಾಕಾಗಿತ್ತು.

"ನಿಮ್ಮ ಮಗಳು ಏನ್ ಮಾಡತಾಳ್ರೀ?"

"ಹೂ ಬರೀತಾಳ್ರಿ."

"ಅಂದ್ರ ಮೆಹಂದಿ?"

"ಅಲ್ರಿ, ಬಟ್ಟಿ ಮ್ಯಾಲೆ."

"ಹೌದಾ! ಅದಕ್ಕೂ ಅಮೀರ್‌ಪೇಟ್‌ನ್ಯಾಗ ಕೋರ್ಸ್ ಐತೇನ್ರಿ?"

ಅಕ್ಕ ಒಳಗಿನಿಂದಲೇ ನಗುತ್ತಿದ್ದಳು. ಕೊನೆಗೆ ಅವಳೂ ಹೋದಳು. ಮೂರು ತಿಂಗಳು ಚಿತ್ರ ಬರೆಯುವ ಪ್ರೋಗ್ರಾಮು ಕಲಿತು ಬಂದಳು. ಹೆಂಗೈತಿ ಎಂದು ಕೇಳಿದೆ.

"ಭಾಳ ಶಾಣ್ಯಾ ಐತೋ. ಹೇಳಿದ್ದಷ್ಟೂ ಮಾಡತೈತಿ. ನಾ ಏನ್ ಹೇಳಬೇಕು ಅನ್ನೂದು ಅಷ್ಟೇ ಅದಕ್ಕ ಗೊತ್ತಿಲ್ಲ" ಎಂದಳು. ಮರುದಿನ ಮತ್ತೆ ಪೆನ್ಸಿಲ್ ಹಿಡಿದಳು. ಆ ಪೆನ್ಸಿಲ್ ಕೈಯಲ್ಲಿ ಇರದಿದ್ದರೆ ಜಡೆಯಲ್ಲಿ ಇರುತ್ತಿತ್ತು. ಮನೆಯಲ್ಲಿ ಎಷ್ಟೋ ಸಲ ಹುಡುಕಾಟ ನಡೆದಾಗ ಅವ್ವ ಅಡುಗೆ ಬಿಟ್ಟು ಬಂದು ಅವಳ ತಲೆಯಿಂದ ಕಿತ್ತು ಕೈಗೆ ಕೊಡುತ್ತಿದ್ದಳು.

ಅವಳ ಕೆಲಸದ ರೀತಿಯನ್ನು ಒಂದಿಷ್ಟು ಹೇಳಲೇಬೇಕು. ಬಟ್ಟೆಯ ಮೇಲೆ ಒಂದು ಚೌಕದ ಚಿತ್ರವೇ ಉದ್ದಕ್ಕೂ ಮತ್ತೆ ಮತ್ತೆ ಬರುತ್ತದೆ. ಒಂದು ಚೌಕ ಮುಗಿದು ಇನ್ನೊಂದು ಶುರುವಾಗುವ ಕಡೆ ಕೂಡು ಕಾಣಬಾರದು. ಅದಕ್ಕೆ ಅಕ್ಕ ಏನು ಮಾಡುತ್ತಿದ್ದಳೆಂದರೆ, ಬರೆದ ಚಿತ್ರವನ್ನು ಕತ್ತರಿಯಿಂದ ನಾಲ್ಕು ತುಂಡು ಮಾಡುತ್ತಿದ್ದಳು. ಮೊದಲ ಸಲ ನೋಡಿದಾಗ ಸಿಟ್ಟಿಗೆ ಹರಿಯುತ್ತಿದ್ದಾಳೆ ಅಂದುಕೊಂಡಿದ್ದೆ. ಹೊರಗಿನ ಅಂಚುಗಳೆಲ್ಲ ನಡುವೆ ಬರುವಂತೆ ತುಂಡುಗಳನ್ನು ಅದಲು ಬದಲು ಮಾಡಿ ಅಂಟಿಸುತ್ತಿದ್ದಳು. ಆಗ ಅಂಚಿನಲ್ಲಿ ಮುರಿದ ಎಲೆ, ಅರ್ಧಕ್ಕೆ ನಿಂತ ಬಳ್ಳಿ, ಖಾಲಿ ಉಳಿದ ಮೂಲೆ ಎಲ್ಲವೂ ಕಾಗದದ ನಟ್ಟ ನಡುವೆ ಬಂದು ಕೂರುತ್ತಿದ್ದವು. ಅವನ್ನು ಜೋಡಿಸಿ, ತುಂಬಿಸಿ, ಆಮೇಲೆ ಬಣ್ಣ.

"ಅಂಚಿನ್ಯಾಗಿನ ತಪ್ಪು ನಡುವಕ್ಕ ಬರಬೇಕೋ ತಮ್ಮಾ. ಆವಾಗ ಕಣ್ಣಿಗೆ ಬೀಳತೈತಿ. ಅಂಚಿನ್ಯಾಗ ಬಿಟ್ಟರ ಯಾರೂ ನೋಡಂಗಿಲ್ಲ ಅಂತ ಕುಂತಿರತೈತಿ ಅದು."

ಅಷ್ಟಕ್ಕೂ ಮುಗಿಯುತ್ತಿರಲಿಲ್ಲ. ಚಿತ್ರದ ಒಂಬತ್ತು ಝೆರಾಕ್ಸ್ ತೆಗೆಸಿ ಮನೆಯ ಹೊರಗೋಡೆಗೆ ಅಂಟಿಸಿ, ತಾನು ರೈಲ್ವೆ ಕಾಂಪೌಂಡಿನ ತನಕ ಹೋಗಿ ನಿಂತು, ಕಣ್ಣು ಅರ್ಧ ಮುಚ್ಚಿ ನೋಡುತ್ತಿದ್ದಳು. ತಲೆ ಸ್ವಲ್ಪ ಎಡಕ್ಕೆ ವಾಲಿಸಿ, ತುಟಿ ಒಳಗೆ ಎಳೆದುಕೊಂಡು. ಪೂರ್ತಿ ತೆರೆದ ಕಣ್ಣಿಗೆ ಹೂ ಕಾಣುತ್ತದೆ, ಅರ್ಧ ಮುಚ್ಚಿದ ಕಣ್ಣಿಗೆ ತಪ್ಪು ಕಾಣುತ್ತದೆ ಎನ್ನುವುದು ಅವಳ ಲೆಕ್ಕ. ಹೂಗಳು ಎಲ್ಲಿಯಾದರೂ ಗುಂಪು ಕಟ್ಟಿದ್ದರೆ ದೂರದಿಂದ ಅಡ್ಡಗೀಟು ಎಳೆದಂತೆ ಕಾಣುತ್ತದೆ. "ಸಾಲು ಬಿದ್ದೈತಿ" ಎನ್ನುತ್ತ ಬಂದು ಎಲ್ಲ ಹರಿದು ಮತ್ತೆ ಕೂರುತ್ತಿದ್ದಳು.

ಪಕ್ಕದ ಕ್ವಾರ್ಟರ್ಸಿನಲ್ಲಿ ಕೀ-ಮ್ಯಾನ್ ಕೆಲಸದ, ಅಂದರೆ ಹಳಿಯ ಕೀಲು ನೋಡಿಕೊಳ್ಳುವ, ಒಬ್ಬ ಚಾಚಾ ಇದ್ದರು. ಗೋಡೆ ನೋಡಿ, ಇವತ್ತೂ ಅಂಗಡಿ ಹಾಕಿದೆಯಾ ಎಂದು ಕೇಳುವುದು ಅವರಿಗೆ ದಿನದ ತಮಾಷೆ.

"ಕ್ಯಾ ಬೇಟಿ, ಆಜ್ ಭೀ ದುಕಾನ್ ಲಗಾಯೀ?"

"ಹೌ ಚಾಚಾ. ಏಕ್ ಲೇಲೋ, ಚಾಚಿ ಖುಷ್ ಹೋತೇ."

"ಚಾಚಿಕೋ ದೂರ್‌ಸೇ ಆಧಿ ಆಂಖ್‌ಸೇ ಮೈಂ ಭೀ ದೇಖ್‌ತೂಂ. ತಭೀಚ್ ಅಚ್ಛೀ ದಿಖ್‌ತೀ!"

ಚಾಚಿಯನ್ನು ದೂರದಿಂದ ಅರ್ಧಗಣ್ಣಲ್ಲಿ ನೋಡಿದರೇ ಚಂದ ಎಂದು. ಒಳಗಿನಿಂದ ಚಾಚಿಯ ಬೈಗುಳ ಬರುತ್ತಿತ್ತು. ಚಾಚಾ ಸೈಕಲ್ ಹತ್ತಿ ಓಡುತ್ತಿದ್ದರು.

ಈ ಕಣ್ಣಿನ ಚಟ ಅವಳನ್ನು ಎಲ್ಲೂ ಬಿಡುತ್ತಿರಲಿಲ್ಲ. ಒಂದು ಸಲ ಸಿಕಂದ್ರಾಬಾದಿನಿಂದ ಇಬ್ಬರೂ ಬಸ್ಸಿನಲ್ಲಿ ಬರುತ್ತಿದ್ದೆವು. ನಮ್ಮ ಸ್ಟಾಪು ಬಂದರೂ ಅಕ್ಕ ಇಳಿಯಲಿಲ್ಲ. ಮುಂದೆ ನಿಂತ ಒಬ್ಬ ಹೆಂಗಸಿನ ಸೀರೆಯ ಬೆನ್ನನ್ನೇ ನೋಡುತ್ತಿದ್ದಳು. ಆ ಹೆಂಗಸು ಇಳಿದಳು, ಅಕ್ಕ ಇಳಿದಳು, ನಾನೂ ಇಳಿದೆ. ಆಕೆ ನಡೆದಷ್ಟು ದೂರ ಅಕ್ಕ ಹಿಂದೆ. ಆಕೆ ಕೊರಳಿನ ಸರ ಬಿಗಿ ಹಿಡಿದು ತಿರುಗಿ ನಿಂತು, "ಎಂದುಕಮ್ಮಾ ನಾ ವೆನಕಾಲೆ ವಸ್ತುನ್ನಾವು?" ಎಂದಳು, ನನ್ನ ಹಿಂದೆ ಯಾಕೆ ಬರುತ್ತೀ ಎಂದು, ಬೀದಿ ಕೇಳುವಂತೆ. ಅಕ್ಕ ಏನೂ ಆಗದವಳಂತೆ, "ಮೀ ಚೀರಲೋ ಒಕ ಪುವ್ವು ತಲಕಿಂದುಲುಗಾ ಉಂದಂಡಿ" ಎಂದಳು. ನಿಮ್ಮ ಸೀರೆಯಲ್ಲಿ ಒಂದು ಹೂ ತಲೆಕೆಳಗಾಗಿದೆ ಎಂದು. ಆ ಹೆಂಗಸು ಅಲ್ಲೇ ಸೆರಗು ಹರವಿ ನೋಡಿದಳು. ಇತ್ತು. ಆರು ವರ್ಷದಿಂದ ಉಡುತ್ತಿದ್ದೇನೆ, ನನಗೇ ಕಂಡಿಲ್ಲ ಎಂದು ಬಾಯಿ ತೆರೆದಳು. ಆಮೇಲೆ ಇಬ್ಬರೂ ಕಾಲು ಗಂಟೆ ನಿಂತು ಮಾತಾಡಿದರು. ನಾನು ಬಿಸಿಲಲ್ಲಿ ಚೀಲ ಹಿಡಿದು ನಿಂತಿದ್ದೆ.

ಅವಳನ್ನು ನೋಡಲು ಒಂದು ಕಡೆಯವರು ಬಂದಿದ್ದರು. ಹುಡುಗ ಸಾಫ್ಟ್‌ವೇರು. ಅವನ ತಾಯಿ "ಯಾವ ಕಂಪನಿವಾ?" ಎಂದು ಕೇಳಿದರು. "ನಂದೇರಿ" ಎಂದಳು ಅಕ್ಕ. ಅಲ್ಲಿಯವರೆಗೂ ಪರವಾಗಿರಲಿಲ್ಲ. ಚಹಾ ಕೊಟ್ಟು ಹಿಂದೆ ಸರಿಯುತ್ತ ಕಣ್ಣು ಅರ್ಧ ಮುಚ್ಚಿದಳು. ಅವ್ವ ಕಣ್ಸನ್ನೆ ಮಾಡಿದಳು, ಆಗಲೇ ತಡವಾಗಿತ್ತು. "ಸಿಟ್ಟಾಗಬ್ಯಾಡ್ರಿ ಅತ್ತಿ, ನಿಮ್ಮ ಸೆರಗಿನ್ಯಾಗ ಸಾಲು ಬಿದ್ದೈತಿ" ಎಂದೇಬಿಟ್ಟಳು. ಅವರು ಊರಿಗೆ ಹೋಗಿ ಪತ್ರ ಬರೆಯುತ್ತೇವೆ ಎಂದರು. ಬರೆಯಲಿಲ್ಲ. ಅಪ್ಪ ಎರಡು ದಿನ ಮಾತು ಬಿಟ್ಟರು. ಮದುವೆ ಆಗಲೇ ಇಲ್ಲ. ಅದಕ್ಕೆ ಈ ಒಂದೇ ಕಾರಣವಲ್ಲ, ಆದರೆ ಆ ಮಾತು ಬೇರೆ ಕಥೆ.

ಅಪ್ಪ ನಿವೃತ್ತರಾದ ಮೇಲೆ ಮಲ್ಕಾಜ್‌ಗಿರಿಯಲ್ಲೇ ಎರಡು ಕೋಣೆಯ ಬಾಡಿಗೆ ಮನೆಗೆ ಬಂದೆವು. ನಾನು ಕಾರ್ಡಿನ ಅಂಗಡಿ ಬಿಟ್ಟು ಅಕ್ಕನ ಜೊತೆಗೇ ಕೆಲಸಕ್ಕೆ ಕೂತೆ. ಹಗಲು ಹೊತ್ತು ಕಿಟಕಿಯ ಗಾಜೇ ನಮ್ಮ ಮೇಜು. ಬೆಳಕು ಹಿಂದಿನಿಂದ ಬರುತ್ತದೆ, ಗೀಟು ಸ್ಪಷ್ಟ ಕಾಣುತ್ತದೆ. ನಾನು ಉಸಿರು ಹಿಡಿದು ಗೀಟೆಳೆಯುತ್ತಿದ್ದರೆ ಅಕ್ಕ ಅವ್ವನನ್ನು ಕರೆದು ತೋರಿಸುತ್ತಿದ್ದಳು. "ನೋಡವ್ವಾ ಇವನ ಗೀಟು. ಇರುವಿ ನಡದಂಗ ಐತಿ." ಅಂಥ ಮಾತು ನನಗೆ ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ.

ಒಮ್ಮೆ ಅವಳು ಬರೆದ ಒಂದು ದಂಟು ಸೊಟ್ಟಗಿದೆ ಎಂದು ನಾನೇ ನೆಟ್ಟಗೆ ಮಾಡಿದೆ. ಹಾಳೆ ಕಿಟಕಿಗೆ ಹಿಡಿದ ಕೂಡಲೇ ಅವಳಿಗೆ ಗೊತ್ತಾಯಿತು.

"ಏ ಖೋಡಿ, ಗಿಡ ಏನು ಸ್ಕೇಲ್ ಹಿಡಕೊಂಡು ಬೆಳೀತೈತೇನೋ?"

"ಚಂದ ಕಾಣಲಿ ಅಂತ ಮಾಡ್ದೆ."

"ಚಂದ ನಾ ನೋಡಕೊತೀನಿ. ನೀ ನನ್ನ ತಪ್ಪನ್ನೂ ತಪ್ಪಿಲ್ಲದಂಗ ತಗಿ."

ಪ್ರತಿ ಸಲವೂ ಕೊನೆಗೆ ಹೀಗೇ. ಎಲ್ಲ ಹಾಳೆಗಳನ್ನೂ ಒಂದೊಂದಾಗಿ ಕಿಟಕಿಗೆ ಹಿಡಿದು ನೋಡುವಳು. ಆಮೇಲೆ ಒಂದು ಪ್ರಶ್ನೆ: "ಎಲ್ಲಾ ತಗದೀಯೇನೋ?" ನಾನು ತಗದೀನಿ ಎಂದರೆ ಸುರುಳಿ ಮಾಡಿ ಉದ್ದನೆಯ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು, ಮೇಲೊಂದು ಟೇಪು ಸುತ್ತುವಳು. ತೇವ ತಾಗಿದರೆ ಹಾಳೆ ಹಿಗ್ಗುತ್ತದೆ, ಬಣ್ಣಕ್ಕೆ ಬಣ್ಣ ಕೂಡುವುದಿಲ್ಲ. ಮುಚ್ಚಳದ ವಿಷಯದಲ್ಲಿ ಭಾರೀ ಕಟ್ಟುನಿಟ್ಟು.

ಈಗ ತೊಗರಿ ಹೂವಿನ ಮಾತಿಗೆ ಬರುತ್ತೇನೆ. ಒಂದು ಮಧ್ಯಾಹ್ನ ಅವ್ವ ಮೊರದಲ್ಲಿ ಬೇಳೆ ಹಸನು ಮಾಡುತ್ತ, "ಬ್ಯಾಳಿ ಎಲ್ಲಾರೂ ತಿಂತಾರ, ಹೂ ಯಾರೂ ನೋಡಂಗಿಲ್ಲ" ಎಂದಳು. ಅಕ್ಕ ಅದನ್ನೇ ಹಿಡಿದಳು. ಊರಿಗೆ ಹೋಗಿ ಹೊಲದಲ್ಲಿ ನಾಲ್ಕು ದಿನ ಕೂತು ಬರೆದು ತಂದಳು. ಹಳದಿ ಎಸಳು, ಅದರ ಬೆನ್ನಿಗೆ ಕೆಂಪು ಗೆರೆ, ಎರಡು ತರಹದ ಹಸಿರು, ಎಲ್ಲದಕ್ಕೂ ಹೊರಗೀಟು ನೀಲಿ. ಅದನ್ನು ಬಟ್ಟೆ ಅಚ್ಚಿನ ಒಂದು ಕಂಪನಿ ನಡೆಸುವ ಹೆಂಗಸು ಬಂದು ನೋಡಿದರು, ಅವರನ್ನು ನಾವು ಬಾಯಿ ಎನ್ನುತ್ತಿದ್ದೆವು. ಮಾದಾಪುರದಲ್ಲಿ ಒಂದು ಸಾಫ್ಟ್‌ವೇರ್ ಕಂಪನಿ ಗೆಸ್ಟ್‌ಹೌಸ್ ಕಟ್ಟಿಸುತ್ತಿತ್ತು. ಅದರ ಅಷ್ಟೂ ಕೋಣೆಗಳಿಗೆ ಇದೇ ಪರದೆ ಎಂದರು. ಅಕ್ಕ ತಲೆಯಾಡಿಸಿದಳು. ಅಂಥ ಕೆಲಸ ಮೊದಲೂ ಬಂದಿತ್ತು. ಆಗ ಆ ಬಾಯಿ, "ಕಿನಾರೆ ಪೇ ಆಪ್‌ಕಾ ನಾಮ್ ಭೀ ಛಾಪೇಂಗೆ" ಎಂದರು. ಅಂಚಿನಲ್ಲಿ ನಿಮ್ಮ ಹೆಸರನ್ನೂ ಅಚ್ಚು ಹಾಕುತ್ತೇವೆ ಎಂದು.

ಬಟ್ಟೆಯ ಉದ್ದಂಚಿನಲ್ಲಿ, ಹೊಲಿಗೆಯಲ್ಲಿ ಮಡಿಚಿಹೋಗುವ ಬಿಳಿ ಪಟ್ಟಿಯ ಮೇಲೆ, ಬಳಸಿದ ಬಣ್ಣಗಳ ಚುಕ್ಕೆಗಳಿರುತ್ತವೆ. ಅದರ ಪಕ್ಕ ಕಂಪನಿಯ ಹೆಸರು ಇರುತ್ತದೆ. ಬರೆದವರ ಹೆಸರು ಇರುವುದಿಲ್ಲ. ಹನ್ನೊಂದು ವರ್ಷ ಅಕ್ಕ ಬರೆದದ್ದು ಎಷ್ಟು ಮನೆಗಳ ಹಾಸಿಗೆ ಕಿಟಕಿಗಳ ಮೇಲೆ ಇತ್ತೋ, ಒಂದರಲ್ಲೂ ಅವಳ ಹೆಸರಿರಲಿಲ್ಲ. ಆ ಬಾಯಿಯ ಮಾತು ಕೇಳಿ ಅಕ್ಕ ಕಪ್ಪು ಕೆಳಗಿಟ್ಟಳು. ತನ್ನ ಸೀರೆಯ ಅಂಚನ್ನು ಬೆರಳಲ್ಲಿ ಹಿಡಿದು ನೋಡುತ್ತ ಕೂತಳು, ಅಲ್ಲಿ ಆಗಲೇ ಏನೋ ಬರೆದಿದೆ ಎಂಬಂತೆ.

ಆ ಬಾಯಿ ಏಳುವಾಗ ಕಿಟಕಿ ಹತ್ತಿರ ಕೂತಿದ್ದ ನನ್ನನ್ನು ನೋಡಿ, "ಯೇ ಕೌನ್ ಹೈಂ?" ಎಂದರು.

ಅಕ್ಕ, "ಟ್ರೇಸಿಂಗ್ ಕರ್ತೇ ಹೈಂ" ಎಂದಳು.

"ಅಚ್ಛಾ. ಭಯ್ಯಾ, ಜರಾ ಪಂಖಾ ತೇಜ್ ಕರೋ ನಾ" ಎಂದರು ಅವರು. ನಾನು ಎದ್ದು ಫ್ಯಾನು ಜೋರು ಮಾಡಿದೆ.

ಇಷ್ಟೇ ನಡೆದದ್ದು. ವ್ಯಾಪಾರದ ಮಾತಿನ ನಡುವೆ ಅಕ್ಕ ನಾಲಿಗೆಗೆ ಬಂದದ್ದನ್ನು ಹೇಳಿದ್ದಳು. ಅದರಲ್ಲಿ ಸುಳ್ಳೂ ಇರಲಿಲ್ಲ, ಅವಮಾನವೂ ಇರಲಿಲ್ಲ. ಆದರೆ ಟ್ರೇಸಿಂಗ್ ಮಾಡುತ್ತಾರೆ ಎಂದಳು, ನನ್ನ ತಮ್ಮ ಎನ್ನಲಿಲ್ಲ. ಎಲ್ಲಿಂದಲೋ ಕೂಲಿಗೆ ಬಂದವನ ಬಗ್ಗೆ ಹೇಳುವಂತೆ ಹೇಳಿದಳು ಎಂದು ನನಗೆ ಅನ್ನಿಸಿತು. ಓದಿದವರ ಮುಂದೆ ಓದದ ತಮ್ಮನನ್ನು ಮುಚ್ಚಿಟ್ಟಳು ಎಂದುಕೊಂಡೆ. ಒಮ್ಮೆ ಹಾಗೆ ಅಂದುಕೊಂಡ ಮೇಲೆ, ಹಿಂದಿನದೆಲ್ಲ ಅದಕ್ಕೇ ಹೊಂದಿಕೊಂಡು ಬರತೊಡಗಿತು.

ಮುಂದಿನ ಮೂರು ದಿನ ಅಕ್ಕ ಬೇರೆ ಕೆಲಸ ಮುಟ್ಟಲಿಲ್ಲ. ತನ್ನ ಹೆಸರು ಬರೆದಳು. ಕನ್ನಡದಲ್ಲೇ ಇರಲಿ ಎಂದು ತೀರ್ಮಾನಿಸಿದ್ದಳು. ದಪ್ಪಗೆ, ತೆಳ್ಳಗೆ, ಬಳ್ಳಿಯಂತೆ, ಬರೀ ನೆಟ್ಟಗೆ. ಹಾಳೆಗಟ್ಟಲೆ. ಅವಳು ಯಾವ ಹೂವಿಗೂ ಅಷ್ಟು ಹೆದರಿದ್ದನ್ನು ನಾನು ನೋಡಿರಲಿಲ್ಲ. ಅವ್ವ ನಕ್ಕಳು.

"ಅಂಚಿನ್ಯಾಗ ಬರದ್ರ ಏನ್ ಬಂತವಾ? ಹೊಲಿಯೋರು ಮಡಿಚಿ ಒಳಗ ಹಾಕತಾರ."

"ಒಳಗ ಹ್ವಾದ್ರೂ ಇರತೈತೆಲ್ಲವ್ವಾ" ಎಂದಳು ಅಕ್ಕ.

ಕೊನೆಗೆ ಒಂದನ್ನು ಆರಿಸಿದಳು. ಮೂರು ಬೆರಳಿನಷ್ಟು ಅಗಲ, ಶಾಲೆಯ ಹುಡುಗಿ ಪಾಟಿಯ ಮೇಲೆ ಬರೆದಂಥ ಸಾದಾ ಅಕ್ಷರ. ನೀಲಿ ಹಾಳೆಯ ಅಂಚಿನಲ್ಲಿ, ಚುಕ್ಕೆಗಳಾದ ಮೇಲೆ ಇದನ್ನು ತೆಗೆಯಬೇಕು ಎಂದು ಜಾಗ ಗುರುತು ಮಾಡಿ ಕೊಟ್ಟು, ಅವ್ವನ ಮೊಣಕಾಲು ತೋರಿಸಲು ಆಸ್ಪತ್ರೆಗೆ ಹೋದಳು.

ನಾನು ಐದೂ ಹಾಳೆ ತೆಗೆದೆ. ನನ್ನ ಜನ್ಮದಲ್ಲಿ ಅಷ್ಟು ಚೊಕ್ಕ ಕೆಲಸ ಮಾಡಿಲ್ಲ. ಹೂವಿನ ಬೆನ್ನಿನ ಕೂದಲೆಳೆಯಂಥ ಕೆಂಪು ಗೆರೆ ಒಂದೂ ತಪ್ಪಲಿಲ್ಲ. ಕೊನೆಗೆ ನೀಲಿ ಹಾಳೆಯ ಅಂಚಿಗೆ ಬಂದೆ. ಉಳಿದ ನಾಲ್ಕು ಹಾಳೆಗೆ ಒಂದೊಂದು ಚುಕ್ಕೆ ಆಗಿತ್ತು, ಇದಕ್ಕೆ ಐದನೆಯದು ಹಾಕಿದೆ. ಅವಳ ಹೆಸರಿನ ಚೀಟಿ ಕೆಳಗಿತ್ತು, ಹಾಳೆಯ ಮೂಲಕ ಕಾಣುತ್ತಿತ್ತು. ಪೆನ್ನಿಗೆ ಮಸಿ ತುಂಬಿಕೊಂಡೆ. ಮಸಿ ಒಣಗುವ ತನಕ ಹಾಗೇ ಹಿಡಿದು ಕೂತೆ. ಆಮೇಲೆ ಚೀಟಿ ತೆಗೆದು ಮಡಿಚಿ ಒಲೆಗೆ ಹಾಕಿದೆ.

ನನ್ನ ಹೆಸರು ಇಲ್ಲದ ಕಡೆ ಅವಳದೂ ಬೇಡ. ಅಷ್ಟೇ ಇದ್ದದ್ದು ನನ್ನ ತಲೆಯಲ್ಲಿ. ದೊಡ್ಡ ಸಂಚು ಏನಿಲ್ಲ.

ಸಂಜೆ ಬೆಳಕು ಇರುವಾಗಲೇ ಅಕ್ಕ ಬಂದಳು. ಕೈಕಾಲು ತೊಳೆದು ನೇರ ಕಿಟಕಿಗೆ ಹೋದಳು. ಒಂದೊಂದೇ ಹಾಳೆ ಹಿಡಿದು ನೋಡಿದಳು. ನಾನು ಚಹಾಕ್ಕೆ ಇಟ್ಟು ಒಲೆ ಮುಂದೆ ನಿಂತಿದ್ದೆ, ಬೆನ್ನು ಅವಳ ಕಡೆ. ಈಗ ಕೂಗುತ್ತಾಳೆ, ಈಗ ಕೂಗುತ್ತಾಳೆ ಎಂದು ಕಾದೆ. ಕೂಗಿದರೆ ಏನು ಹೇಳಬೇಕೆಂದು ತಯಾರಿ ಕೂಡ ಮಾಡಿಕೊಂಡಿದ್ದೆ. ಕೂಗಲಿಲ್ಲ.

"ಎಲ್ಲಾ ತಗದೀಯೇನೋ?"

"ತಗದೀನಿ."

ಹಾಳೆ ಸುತ್ತುವ ಸಪ್ಪಳ ಬರಲಿಲ್ಲ.

"ಎಲ್ಲಾ ತಗದೀಯೇನೋ ತಮ್ಮಾ?"

"ತಗದೀನಿ ಅಂದ್ನೆಲ್ಲ! ಎಷ್ಟ್ ಸಲ ಕೇಳ್ತಿ?"

ಆಸ್ಪತ್ರೆಯಲ್ಲಿ ದಿನವಿಡೀ ನಿಂತು ದಣಿದಿದ್ದಾಳೆ, ಕಣ್ಣಿಗೆ ಬಿದ್ದಿಲ್ಲ ಎಂದುಕೊಂಡೆ. ಬದುಕಿದೆ ಅನ್ನಿಸಿತು. ಬೆಳಿಗ್ಗೆ ಡಬ್ಬಿಯನ್ನು ಕಂಪನಿಗೆ ಮುಟ್ಟಿಸುವುದು ನನ್ನ ಕೆಲಸ. ಎದ್ದು ನೋಡಿದರೆ ಅದು ಬಾಗಿಲ ಬಳಿ ನಿಂತಿತ್ತು. ಮುಚ್ಚಳ ತೆಗೆದು ಪಕ್ಕದಲ್ಲಿ ಇಟ್ಟಿತ್ತು. ಮರೆತಿದ್ದಾಳೆ ಎಂದು ನಾನೇ ಮುಚ್ಚಿ ಟೇಪು ಸುತ್ತಿದೆ.

ಇಪ್ಪತ್ತು ದಿನದ ಮೇಲೆ ಬಟ್ಟೆಯ ತುಂಡು ಬಂತು. ಅಕ್ಕ ಹೂ ನೋಡುವ ಮೊದಲು ಅಂಚು ತಿರುವಿದಳು. ಐದು ಚುಕ್ಕೆ, ಆಮೇಲೆ ಬಿಳಿ.

"ಫ್ಯಾಕ್ಟರಿಯವ್ರು ಬಿಟ್ಟಿರಬೇಕು" ಎಂದೆ.

ಅವ್ವ ಸಿಟ್ಟಾದಳು. "ಹಾಕತೀನಿ ಅಂತ ಹೇಳಿ ಹಾಕಿಲ್ಲ ಅಂದ್ರ ಏನರ್ಥ? ಹೋಗಿ ಕೇಳವಾ ಆಕಿನ್ನ."

"ಇರಲಿ ಬಿಡವ್ವಾ. ಹೂ ಛಲೋ ಬಂದಾವ" ಎಂದು ಅಕ್ಕ ತಲೆ ಎತ್ತಿ ನನ್ನ ಕಡೆ ನೋಡಿದಳು. ಕಣ್ಣು ಅರ್ಧ ಮುಚ್ಚಿದ್ದವು. ಕಿಟಕಿಯ ಬಿಸಿಲು ಕಣ್ಣಿಗೆ ಬಡಿಯುತ್ತಿದೆ ಎಂದುಕೊಂಡು ನಾನು ಎದ್ದು ಅದರ ಬಾಗಿಲು ಓರೆ ಮಾಡಿದೆ.

ಆಮೇಲಿನ ಎರಡು ಮೂರು ವರ್ಷಗಳಲ್ಲಿ ಫಿಲ್ಮು ತೆಗೆಯುವ ಕೆಲಸವೇ ಹೋಯಿತು. ಬಣ್ಣ ಬಿಡಿಸುವುದನ್ನು ಕಂಪ್ಯೂಟರೇ ಮಾಡತೊಡಗಿತು. ಅಕ್ಕ ಮೊದಲು ಕೈಯಲ್ಲಿ ಬರೆದು, ಆಮೇಲೆ ಅದಕ್ಕೆ ಹೇಳಿ ಮಾಡಿಸುವುದನ್ನು ರೂಢಿಸಿಕೊಂಡಳು. ನನ್ನನ್ನು ಹೋಗು ಎನ್ನಲಿಲ್ಲ. ಬಣ್ಣ ಕಲಸು, ಕಾಗದ ಕತ್ತರಿಸು ಎಂದು ಇಲ್ಲದ ಕೆಲಸ ಹುಟ್ಟಿಸಿ ಒಂದು ವರ್ಷ ಕೂರಿಸಿಕೊಂಡಳು. ನಾನೇ ಬಿಟ್ಟು ಉಪ್ಪಲ್‌ನ ಒಂದು ಐಟಿ ಪಾರ್ಕಿನ ಗೇಟಿಗೆ ಸೇರಿದೆ. ಬಂದು ಹೋಗುವವರ ಹೆಸರು ಪುಸ್ತಕದಲ್ಲಿ ಬರೆಸಿಕೊಳ್ಳುವ ಕೆಲಸ. ಯಾರಾದರೂ ಬರೆಯದೆ ಒಳಗೆ ನುಗ್ಗಿದರೆ ಬೆನ್ನಟ್ಟಿ ಕರೆತಂದು ಬರೆಸಬೇಕು.

ಮುಂದೆ ಬೇರೆ ಇಬ್ಬರು ಅಂಚಿನಲ್ಲಿ ಹೆಸರು ಹಾಕುತ್ತೇವೆ ಎಂದು ತಾವಾಗಿಯೇ ಕೇಳಿದರು. ಅಕ್ಕ ಬೇಡ ಎಂದಳು. ಎರಡನೆಯ ಸಲ ನಾನು ಅಲ್ಲೇ ಇದ್ದೆ. ಯಾಕೆ ಎಂದು ಅವರು ಒತ್ತಾಯ ಮಾಡಿದರೆ, "ಹೊಲಿಯೋರು ಮಡಿಚಿ ಒಳಗ ಹಾಕತಾರ್ರಿ" ಎಂದು ಅವ್ವನ ಮಾತನ್ನೇ ಹೇಳಿ ನಕ್ಕಳು. ನಾನು ಆ ನಗುವಿನಲ್ಲಿ ಸೇರಲು ನೋಡಿದೆ, ಆಗಲಿಲ್ಲ. ಅವತ್ತಿನಿಂದ ಇದು ನನ್ನನ್ನು ತಿನ್ನುತ್ತಿತ್ತು. ಹೇಳಬೇಕು ಎಂದು ಎಷ್ಟೋ ಸಲ ಅವಳ ಮೇಜಿನ ತನಕ ಹೋಗಿ, ಚಹಾ ಬೇಕೇನು ಎಂದು ಕೇಳಿ ಬಂದಿದ್ದೇನೆ.

ಹೋದ ಬೇಸಿಗೆಯಲ್ಲಿ ಅಕ್ಕ ಹಾಸಿಗೆ ಹಿಡಿದಳು. ಅವ್ವ, ಅಪ್ಪ ಆಗಲೇ ಹೋಗಿದ್ದರು. ರಜೆ ಹಾಕಿ ನಾನೇ ನೋಡಿಕೊಳ್ಳುತ್ತಿದ್ದೆ. ಒಂದು ಮಧ್ಯಾಹ್ನ ಗಂಜಿ ಕುಡಿಸಿ ಬಾಯಿ ಒರೆಸುತ್ತ, ಈಗ ಹೇಳದಿದ್ದರೆ ಇನ್ನಿಲ್ಲ ಅನ್ನಿಸಿತು.

"ಅಕ್ಕಾ, ಆ ತೊಗರಿ ಹೂವಿನ ಪರದಿ..."

ಅವಳು ಮುಗಿಸಲು ಬಿಡಲಿಲ್ಲ. "ನೀಲಿ ಹಾಳಿ" ಎಂದಳು.

ನನ್ನ ಕೈಯಲ್ಲಿ ಬಟ್ಟೆ ಹಾಗೇ ನಿಂತಿತು.

"ಎಲ್ಲಾ ತಗದೀಯೇನೋ ಅಂತ ಎರಡು ಸಲ ಕೇಳಿದ್ನೆಲ್ಲೋ" ಎಂದಳು.

"ಗೊತ್ತಿತ್ತಾ? ಮತ್ತ ನೀನೇ ಬರೀಬೇಕಿತ್ತಲ್ಲ ಅಕ್ಕಾ. ಎರಡು ನಿಮಿಷದ ಕೆಲಸ."

"ನೀನೇ ಎದ್ದು ಬರೀತಿ ಅಂದ್ಕೊಂಡೆ. ಅದಕ್ಕ ಡಬ್ಬಿ ತೆರದಿಟ್ಟಿದ್ದೆ. ಬೆಳಗಿನ ತನಕ ತೆರದೇ ಇತ್ತು." ಉಸಿರು ತೆಗೆದುಕೊಂಡು ಮತ್ತೆ ಹೇಳಿದಳು. "ಆ ಬಾಯಿ ಫೋನ್ ಮಾಡಿದ್ಲು, ಹೆಸರು ಎಲ್ಲಿ ಅಂತ. ನಾನೇ ಬ್ಯಾಡ ಅಂದೀನಿ ಅಂತ ಹೇಳ್ದೆ."

"ಯಾಕ ಹಂಗ ಹೇಳ್ದಿ?"

"ಮತ್ತೇನ್ ಹೇಳ್ಲಿ? ನನ್ನ ತಮ್ಮ ಬಿಟ್ಟಾನ ಅಂತ ಹೇಳ್ಲೇನು?"

ನನ್ನ ತಮ್ಮ. ಅವತ್ತು ಆ ಬಾಯಿಯ ಮುಂದೆ ಅವಳ ಬಾಯಿಂದ ನಾನು ಕೇಳಬೇಕೆಂದಿದ್ದ ಮಾತು ಅದೇ. ಅವಳು ಫೋನಿನಲ್ಲಿ ಹೇಳದೆ ನುಂಗಿದ ಮಾತೂ ಅದೇ. ನಾನು ಅಳುವುದು ಕಂಡು ಅಕ್ಕನಿಗೆ ಬೇಸರವಾಯಿತು. "ಗಂಜಿಗೆ ಉಪ್ಪು ಕಮ್ಮಿ ಆಗಿತ್ತು, ಅದಕ್ಕ ಅಳು" ಎಂದಳು. ಕ್ಷಮಿಸಿದ್ದೇನೆ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಹದಿನಾರು ದಿನದ ಮೇಲೆ ಹೋದಳು.

ಗೆಸ್ಟ್‌ಹೌಸಿನ ಬಟ್ಟೆ ಕಣ್ಣಿನ ಆಸ್ಪತ್ರೆಗೆ ಹೇಗೆ ಬಂತೋ ಗೊತ್ತಿಲ್ಲ. ಆ ಪರದೆಯ ಅಂಚಿನ ಮಡಿಕೆ ಒಂದು ಕಡೆ ಹೊಲಿಗೆ ಬಿಟ್ಟಿತ್ತು. ಬೆರಳು ತೂರಿಸಿ ಬಿಡಿಸಿದೆ. ಒಳಗಿನ ಪಟ್ಟಿಗೆ ಬಿಸಿಲು ತಾಗಿರಲಿಲ್ಲ, ಬಣ್ಣ ಹೊಸದರಂತೆ ಇತ್ತು. ಹಳದಿ, ಕೆಂಪು, ಎರಡು ಹಸಿರು, ನೀಲಿ. ಐದು ಚುಕ್ಕೆ. ಮೊನ್ನೆ ನಾನೇ ಹಾಕಿದಂತೆ ಇದ್ದವು. ಅದಾದ ಮೇಲೆ ಮೂರು ಬೆರಳಿನಷ್ಟು ಬಿಳಿ ಜಾಗ. ಒಂದು ಮೊಳ ಕೆಳಗೆ ಮತ್ತೆ ಐದು ಚುಕ್ಕೆ, ಮತ್ತೆ ಮೂರು ಬೆರಳು ಬಿಳಿ. ಪರದೆಯ ಉದ್ದಕ್ಕೂ, ಪಕ್ಕದ ಕಿಟಕಿಯ ಪರದೆಗೂ ಹಾಗೇ ಇರಬೇಕು. ಎಷ್ಟು ಸಾವಿರ ಮೊಳ ಅಚ್ಚಾಗಿದೆಯೋ, ಅಷ್ಟು ಸಲ ನಾನು ಅದನ್ನು ಬಿಟ್ಟಿದ್ದೇನೆ.

ಫಾರಂ ತುಂಬಿದ ಪೆನ್ನು ಜೇಬಿನಲ್ಲೇ ಇತ್ತು. ಅದೂ ನೀಲಿ. ಮತ್ತೆ ಕುರ್ಚಿಯಲ್ಲಿ ಕೂತು, ಮುಚ್ಚಳ ತೆಗೆದು, ಬಟ್ಟೆಯನ್ನು ಮೊಣಕಾಲಿನ ಮೇಲೆ ಬಿಗಿಯಾಗಿ ಹಿಡಿದು, ಉಸಿರು ಕಟ್ಟಿದೆ. ಪೆನ್ನಿನ ಮೊನೆ ಒಂದು ಕಡೆ ನಿಲ್ಲಲಿಲ್ಲ.

ಅಷ್ಟರಲ್ಲಿ ಮೇಜಿನ ಹತ್ತಿರ ಕೂತ ಹುಡುಗಿ ನನ್ನ ಹೆಸರು ಕೂಗಿದಳು. ನಾನು ಬಟ್ಟೆ ಬಿಡಲಿಲ್ಲ. ಅವಳು ಫಾರಂ ನೋಡಿಕೊಂಡು, ಕೋಣೆಯ ಎಲ್ಲರಿಗೂ ಕೇಳುವ ಹಾಗೆ, ಇನ್ನೊಂದು ಸಲ ಕೂಗಿದಳು.

ಎರಡನೆಯ ಸಲಕ್ಕೆ, ಏನೂ ಬರೆಯದೆ, ಪೆನ್ನು ಮುಚ್ಚಿ ಎದ್ದೆ.